ಹೆಚ್ಚು ಎಷ್ಟು, ಕಡಿಮಿ ಎಷ್ಟು

ಫೋನು ಬಂದಾಗ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತ ಕೂತಿದ್ದೆ. ಬನಹಟ್ಟಿಯಿಂದ ಅಕ್ಕಾವ್ರ ತಮ್ಮ. "ಬಾಯಾರ, ಅಕ್ಕಂದು ಹೆಚ್ಚು-ಕಡಿಮಿ ಆತ್ರಿ" ಅಂದ.

ನಮ್ಮ ಕಡೆ ಸಾವಿನ ಸುದ್ದಿಯನ್ನು ಹೀಗೇ ಹೇಳುವುದು. ಸತ್ತರು ಎಂಬ ಮಾತನ್ನು ಯಾರೂ ಫೋನಿನಲ್ಲಿ ಆಡುವುದಿಲ್ಲ. ಹೆಚ್ಚು-ಕಡಿಮೆ ಆಯಿತು ಅಂದರೆ ಕೇಳಿದವರು ತಿಳಿದುಕೊಂಡು ಬಸ್ಸು ಹತ್ತಬೇಕು. ನಾನೂ ತಿಳಿದುಕೊಂಡೆ. ಆದರೂ ನಾಲಿಗೆಯ ತುದಿಗೆ ಮೊದಲು ಬಂದದ್ದು ಒಂದು ಪ್ರಶ್ನೆ: "ಹೆಚ್ಚು ಎಷ್ಟು, ಕಡಿಮಿ ಎಷ್ಟು, ಬ್ಯಾರೆ ಬ್ಯಾರೆ ಹೇಳು." ಅದು ಅವರ ಪ್ರಶ್ನೆ. ವರ್ಷಗಟ್ಟಲೆ ಅವರ ಬಾಯಿಂದ ಕೇಳಿ ಕೇಳಿ ನನ್ನ ಬಾಯಿಗೂ ಅಂಟಿಕೊಂಡಿತ್ತು. ಈಗ ಹಾಗೆ ಕೇಳುವವರೇ ಹೋಗಿದ್ದರು. ಮೊರ ಕೆಳಗಿಟ್ಟು ಅತ್ತೆ.

ಜಮಖಂಡಿಯ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಾರ ಅನ್ನುತ್ತಾರೆ. ನನಗಿಂತ ವಯಸ್ಸಿನಲ್ಲಿ ಹಿರಿಯರು, ಆದ್ದರಿಂದ ನಾನು ಅವರನ್ನು ಅಕ್ಕಾವ್ರ ಅನ್ನುತ್ತಿದ್ದೆ. ಅವರು ನನ್ನನ್ನು ಮೊದಲ ವಾರ ಮೇಡಮ್ ಅಂದರು, ಆಮೇಲೆ ತಂಗಿ ಅಂದರು, ಸಿಟ್ಟು ಬಂದಾಗ ಕನ್ನಡಬಾಯಿ ಅಂದರು. ನೇಕಾರರ ಮನೆಯ ಮಗಳು. ದಿನಾ ಬನಹಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೈಮೇಲೆ ಯಾವಾಗಲೂ ಮನೆಯ ಮಗ್ಗದ ಸೀರೆ. ಕನ್ನಡಕದ ಒಂದು ಕಾಲು ಸಡಿಲಾಗಿ ಅದಕ್ಕೆ ಮಗ್ಗದ ನೂಲನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು. ಸೀರೆ ಬದಲಾದ ಹಾಗೆ ಆ ನೂಲಿನ ಬಣ್ಣವೂ ಬದಲಾಗುತ್ತಿತ್ತು. ಬೇಕಂತಲೇ ಮಾಡ್ತೀರಿ ಅಂತ ನಾನು ಕಾಡಿದರೆ, "ಇಲ್ಲ ತಂಗಿ, ಕೈಗೆ ಸಿಕ್ಕದ್ದು ಸುತ್ತತೇನಿ" ಅನ್ನುತ್ತಿದ್ದರು. ನಾನು ನಂಬುತ್ತಿರಲಿಲ್ಲ.

ಅವರ ಪ್ರಶ್ನೆಯ ಕಾಟ ಮೊದಲ ದಿನದಿಂದಲೇ ಶುರುವಾಗಿತ್ತು. ಸ್ಟಾಫ್ ರೂಮಿನಲ್ಲಿ ರೊಟ್ಟಿ ಬಿಚ್ಚಿ ಕೂತಾಗ, ನಿಮ್ಮದು ಯಾವೂರು ಅಂದರು. ಬೀಳಗಿ ಹತ್ತಿರ, ಕುರುಬರ ಮನೆ, ಬೀರೇಶ್ವರನ ಒಕ್ಕಲು ಅಂದೆ. "ಕುರಿ ಎಷ್ಟ ಅದಾವ?" ಅಂದರು. ಕುರಿಯ ಎಣಿಕೆಯನ್ನು ನಮ್ಮ ಮಂದಿ ಪರರ ಎದುರು ಬಾಯಿ ಬಿಟ್ಟು ಹೇಳುವುದಿಲ್ಲ. "ಅದಾವ್ರಿ, ಹೆಚ್ಚುಕಡಿಮಿ ಒಂದ ಹಿಂಡ" ಅಂದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಹೆಚ್ಚು ಎಷ್ಟು, ಕಡಿಮಿ ಎಷ್ಟು? ಎರಡೂ ಕೂಡಿಸಿ ಹೇಳಿದ್ರ ನನಗ ತಿಳಿಯಂಗಿಲ್ಲ" ಅಂದರು. ಇವರ ತಲೆ ಸರಿ ಇದೆಯೋ ಇಲ್ಲವೋ ಅಂತ ನನಗೆ ಅನುಮಾನ ಬಂತು. ಆಮೇಲೆ ನೋಡಿದರೆ ಹುಡುಗರಿಗೂ ಅದೇ, ಪ್ರಿನ್ಸಿಪಾಲರಿಗೂ ಅದೇ, ಬಸ್ಸು ಎಷ್ಟೊತ್ತಿಗೆ ಬರುತ್ತದೆ ಎಂದು ಹೇಳುವ ಕಂಟ್ರೋಲರಿಗೂ ಅದೇ. ಹುಡುಗರು ಅವರಿಗೆ ಹೆಚ್ಚುಕಡಿಮಿ ಮೇಡಮ್ ಅಂತ ಹೆಸರಿಟ್ಟಿದ್ದರು. ಅದು ಅವರಿಗೆ ಗೊತ್ತಿತ್ತು, ಖುಷಿಯೂ ಇತ್ತು.

ಒಂದು ಸಲ ನಮ್ಮ ಊರಿಗೆ ಬಂದರು. ಆಗ ಅಣೆಕಟ್ಟಿನ ಹಿನ್ನೀರು ಏರುತ್ತಿದ್ದ ವರ್ಷಗಳು. ನೀರು ಎಲ್ಲಿಯವರೆಗೆ ಬರುತ್ತದೆಂದು ನಮ್ಮ ಹೊಲದ ಕೆಳಗೆ ಗುರುತಿನ ಕಲ್ಲು ನೆಟ್ಟಿದ್ದರು, ಅಪ್ಪನ ಕುರಿದೊಡ್ಡಿ ಕಲ್ಲಿನಿಂದ ಸ್ವಲ್ಪವೇ ಮೇಲಿತ್ತು. ಅಕ್ಕಾವ್ರು ಕಲ್ಲಿನ ಹತ್ತಿರ ನಿಂತು ಅತ್ತಿತ್ತ ನೋಡಿ, "ಕಲ್ಲು ಒಂದ ಗೆರಿ ಅಷ್ಟ ತೋರಸತೈತ್ರಿ ಕಾಕಾ. ನೀರಿಗೆ ಗೆರಿ ಇರಂಗಿಲ್ಲ. ದೊಡ್ಡಿ ಒಂದೀಟ ಮ್ಯಾಲ ಸರಸ್ರಿ" ಅಂದರು. ಓದಿದವರು ಹೇಳಿದ್ದಾರೆಂದು ಅಪ್ಪ ಸರಿಸಿದ. ಆ ವರ್ಷ ನೀರು ಕಲ್ಲನ್ನೂ ಮುಟ್ಟಲಿಲ್ಲ. ಸುಮ್ಮನೆ ಬೇಲಿಯ ಮುಳ್ಳು ಹೊರಿಸಿದಳು ನಿನ್ನ ಗೆಳತಿ ಅಂತ ಅಪ್ಪ ಗೊಣಗಿದ್ದನ್ನು ನಾನು ಹೋಗಿ ಹೇಳಿದೆ. "ಬರಬಹುದು ಅಂದಿದ್ನಿ ತಂಗಿ, ಬರತೈತಿ ಅಂದಿರಲಿಲ್ಲ" ಅಂದರು. ಅಪ್ಪನಿಗೆ ಆ ಎರಡು ಮಾತಿನ ನಡುವಿನ ಫರಕು ಕೊನೆಯವರೆಗೂ ಅರ್ಥವಾಗಲಿಲ್ಲ.

ಇಂಥವರು ಅಣುಬಾಂಬಿನ ಲೆಕ್ಕಕ್ಕೆ ಹೇಗೆ ಬಿದ್ದರು ಅಂತ ಎಲ್ಲರೂ ಕೇಳುತ್ತಿದ್ದರು. ಪೋಖ್ರಾಣದಲ್ಲಿ ಪರೀಕ್ಷೆಯಾದಾಗ ನಮ್ಮ ಕಾಲೇಜಿನಲ್ಲೂ ಪೇಢೆ ಹಂಚಿದರು. ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, "ಮೇಡಮ್, ಬಾಂಬ್ ನೆಲದಾಗ ಬಿಟ್ಟು ಆಕಾಶದಾಗ ಸಿಡದ್ರ ಏನಾಗತೈತ್ರಿ?" ಅಂದಳಂತೆ. ಅಕ್ಕಾವ್ರು ಗೊತ್ತಿಲ್ಲ ಅಂದರು, ಓದಿ ಹೇಳತೇನಿ ಅಂದರು. ಓದಲು ಹೋದವರು ಅದರೊಳಗೇ ಉಳಿದರು.

ಅವರು ನನಗೆ ವಿವರಿಸಿದ್ದು ಹೀಗೆ. ಬಹಳ ಎತ್ತರದಲ್ಲಿ, ಗಾಳಿಯೇ ಇಲ್ಲದಲ್ಲಿ ಸಿಡಿದರೆ ಕೆಳಗಿನವರಿಗೆ ಸದ್ದೂ ಕೇಳಿಸುವುದಿಲ್ಲ, ಬಿಸಿಯೂ ತಾಗುವುದಿಲ್ಲ. ಆದರೆ ಅದರಿಂದ ಹೊರಟ ಗಾಮಾ ಕಿರಣಗಳು ಕೆಳಗಿಳಿದು ತೆಳ್ಳನೆಯ ಗಾಳಿಗೆ ಬಡಿಯುತ್ತವೆ, ಅಲ್ಲಿನ ಎಲೆಕ್ಟ್ರಾನುಗಳನ್ನು ಕಿತ್ತು ಓಡಿಸುತ್ತವೆ. ಭೂಮಿಯ ಕಾಂತಶಕ್ತಿ ಹಾಗೆ ಓಡುವ ಎಲೆಕ್ಟ್ರಾನುಗಳನ್ನೆಲ್ಲ ಒಟ್ಟಿಗೆ ಒಂದೇ ಕಡೆಗೆ ತಿರುಗಿಸುತ್ತದೆ. ಎಲ್ಲವೂ ಒಮ್ಮೆಗೇ ತಿರುಗುವಾಗ ಒಂದು ವಿದ್ಯುತ್ಕಾಂತೀಯ ಹೊಡೆತ ಹುಟ್ಟುತ್ತದೆ. ಕಣ್ಣಿಗೆ ಕಾಣದ ಆ ಹೊಡೆತ ನೆಲಕ್ಕೆ ಬಂದು ಉದ್ದುದ್ದ ತಂತಿಗಳಲ್ಲಿ ಕರೆಂಟಾಗಿ ಹರಿಯುತ್ತದೆ. ಹಿಂದೊಮ್ಮೆ ಪೆಸಿಫಿಕ್ ಸಾಗರದ ಮೇಲೆ ಎತ್ತರದಲ್ಲಿ ಸಿಡಿಸಿದಾಗ ಬಹುದೂರದ ದ್ವೀಪದಲ್ಲಿ ಬೀದಿದೀಪಗಳು ಆರಿಹೋದವಂತೆ.

ಲ್ಯಾಬಿನಲ್ಲಿ ಹುಡುಗರಿಗೆ ಇದನ್ನು ಹೇಳುವಾಗ ಅವರ ಬಳಿ ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇರುತ್ತಿತ್ತು. ಯಾವ ಸ್ಟೇಶನ್ನೂ ಸಿಗದ ಕಡೆ ಮುಳ್ಳು ನಿಲ್ಲಿಸಿ, ಲ್ಯಾಬಿನ ಟ್ಯೂಬ್‌ಲೈಟಿನ ಸ್ವಿಚ್ಚು ಹಾಕುತ್ತಿದ್ದರು. ರೇಡಿಯೊ ಟಪ್ ಅನ್ನುತ್ತಿತ್ತು. "ಕೇಳಿದ್ರಿಲ್ಲ? ಇದು ಮರಿ. ನಾ ಹೇಳಾಕತ್ತಿದ್ದು ಇದರ ತಾಯಿ" ಅನ್ನುತ್ತಿದ್ದರು. ಹಿಂದಿನ ಬೆಂಚಿನವರೂ ಕತ್ತು ಚಾಚುತ್ತಿದ್ದರು.

ಅದರ ಮೇಲೆಯೇ ಪಿಎಚ್‌ಡಿಗೆ ಹೆಸರು ನೋಂದಾಯಿಸಿದರು. ದೊಡ್ಡ ದೇಶಗಳವರು ಈ ಹೊಡೆತವನ್ನು ದೊಡ್ಡ ಕಂಪ್ಯೂಟರುಗಳಲ್ಲಿ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿದ್ದದ್ದು ಭೌತಶಾಸ್ತ್ರ ಲ್ಯಾಬಿನ ಮೂಲೆಯ ಒಂದೇ ಕಂಪ್ಯೂಟರು, ಅದಕ್ಕೆ ಹೊದಿಸಿದ ಒಂದು ಸೀರೆಯ ತುಂಡು. ಕರೆಂಟು ಹೋದರೆ ಲೆಕ್ಕವೂ ಹೋಗುತ್ತಿತ್ತು. ಆದ್ದರಿಂದ ಅವರು ಲೆಕ್ಕವನ್ನು ಸರಳ ಮಾಡಿದರು. ಗಾಳಿಯ ಎಷ್ಟೋ ಜಂಜಾಟಗಳನ್ನು ಬಿಟ್ಟು, ಮುಖ್ಯವಾದವನ್ನಷ್ಟೇ ಹಿಡಿದು ಒಂದು ಸಣ್ಣ ಪ್ರೋಗ್ರಾಂ ಬರೆದರು. ಹೀಗೆ ಸರಳ ಮಾಡಿದ ಲೆಕ್ಕ ಎಷ್ಟು ನಿಖರ, ಅದನ್ನು ಎಲ್ಲಿಯವರೆಗೆ ನಂಬಬಹುದು ಎನ್ನುವುದೇ ಅವರ ಪ್ರಬಂಧದ ವಿಷಯ.

"ಹೆಚ್ಚುಕಡಿಮಿ ಇದ್ರ ಏನಾತ್ರಿ? ಯಾರ ಹೋಗಿ ಅಳದ ನೋಡತಾರ?" ಅಂತ ನಾನೊಮ್ಮೆ ಕಾಡಿದೆ. ಅವರು ನಗಲಿಲ್ಲ.

"ಅದಕ್ಕ ತಂಗಿ. ಯಾರೂ ಅಳದ ನೋಡಬಾರದಂಥಾ ಲೆಕ್ಕ ಇದು. ಅಳೀಬೇಕಂದ್ರ ಮತ್ತೊಂದು ಸಿಡಸಬೇಕು. ಅದು ಆಗಬಾರದು. ಅಂದಮ್ಯಾಲ ಲೆಕ್ಕನ ಖರೆ ಇರಬೇಕಲ್ಲ?"

ಅವರ ಅಪ್ಪನಿಗೆ ಈ ಯಾವುದೂ ಬೇಕಿರಲಿಲ್ಲ. ಮಗಳು ಡಾಕ್ಟರ್ ಆಗುತ್ತಾಳೆ ಅಂತ ಓಣಿಯ ತುಂಬ ಸಾರಿಬಿಟ್ಟಿದ್ದರು. ಅಕ್ಕಪಕ್ಕದವರು ಜ್ವರ, ಮಂಡಿನೋವು ಹೇಳಿಕೊಂಡು ಬರಲು ಶುರು ಮಾಡಿದರಂತೆ. ನೋಂದಣಿಯಾದ ವಾರವೇ ಆತ ಪೇಂಟರನ್ನು ಕರೆಸಿ ಬಾಗಿಲ ಮೇಲಕ್ಕೆ ಒಂದು ತಗಡಿನ ಬೋರ್ಡು ಬರೆಸಿದರು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ. ಮಗಳ ಹೆಸರಿನ ಮುಂದೆ ನಾಲ್ಕು ಬೆರಳು ಜಾಗ ಬಿಡಿಸಿದರು. "ಡಾ ಆಮ್ಯಾಲ ಬರಸೂಣ, ಜಾಗಾ ಬಿಡು" ಅಂದರಂತೆ. ಹಾಗಾಗಿ ಹೆಸರು ಬೋರ್ಡಿನ ಬಲಕ್ಕೆ ಒತ್ತರಿಸಿಕೊಂಡು ಕೂತಿತ್ತು. ನಾನು ಅವರ ಮನೆಗೆ ಹೋದಾಗಲೆಲ್ಲ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಆ ಖಾಲಿ ಜಾಗ.

ಒಂದು ಮಧ್ಯಾಹ್ನ ಅವರು ಲ್ಯಾಬಿನಿಂದ ಓಡಿಬಂದು ನನ್ನನ್ನು ಎಳೆದೊಯ್ದರು. ಪರದೆಯ ಮೇಲೆ ಎರಡು ಗೆರೆ. ಒಂದು, ದೊಡ್ಡ ಕಂಪ್ಯೂಟರಿನವರು ಅಚ್ಚು ಮಾಡಿದ್ದ ಉತ್ತರ, ಇನ್ನೊಂದು ಇವರ ಸಣ್ಣ ಪ್ರೋಗ್ರಾಮಿನದು. ಹೊಡೆತ ತೀರ ಜೋರಾಗುವ ಶಿಖರದಲ್ಲಿ ಎರಡೂ ಒಂದರ ಮೇಲೊಂದು ಕೂತಿದ್ದವು. ನನಗೇ ಖುಷಿಯಾಯಿತು. ಯುನಿವರ್ಸಿಟಿಯ ಅವರ ಗೈಡ್ ಅಂತೂ ಇನ್ನು ಬರೆದು ಸಲ್ಲಿಸಿಬಿಡಿ ಅಂದರು. ಗಡುವಿಗೆ ಇನ್ನೂ ಸಾಕಷ್ಟು ಸಮಯವಿತ್ತು. ಪದವಿ ಬಂದರೆ ವಿಭಾಗದ ಮುಖ್ಯಸ್ಥರ ಕುರ್ಚಿಯೂ ಅವರಿಗೇ ಅಂತ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಆದರೆ ಅವರಿಗೆ ಅಷ್ಟು ಚಂದದ ಹೊಂದಿಕೆಯ ಮೇಲೆಯೇ ಸಂಶಯ ಬಂತು. ಬಿಟ್ಟ ಜಂಜಾಟಗಳಲ್ಲಿ ಒಂದನ್ನು ಒಳಗೆ ತಂದು ನೋಡೋಣ ಅಂದರು. ಓಡುವ ಎಲೆಕ್ಟ್ರಾನುಗಳು ದಾರಿಯಲ್ಲಿ ಗಾಳಿಗೆ ಡಿಕ್ಕಿ ಹೊಡೆದು ಚೆದುರುತ್ತವೆ. ಸರಳ ಲೆಕ್ಕದಲ್ಲಿ ಅವು ಡಿಕ್ಕಿಯಿಲ್ಲದೆ ಸಲೀಸಾಗಿ ಹೋಗುತ್ತವೆ ಅಂತ ಇಟ್ಟುಕೊಂಡಿದ್ದರು. ಅದನ್ನು ತಿದ್ದಿದರು. ಲೆಕ್ಕ ಮೊದಲಿಗಿಂತ ಖರೆಗೆ ಹತ್ತಿರವಾಯಿತು, ಉತ್ತರ ಮಾತ್ರ ಕೆಟ್ಟುಹೋಯಿತು. ಇವರ ಗೆರೆ ಇನ್ನೊಂದು ಗೆರೆಯಿಂದ ಕೆಳಗೆ ಕುಸಿಯಿತು.

"ತಿದ್ದಿದ್ರ ಯಾಕ ಕೆಡತೈತ್ರಿ?" ಅಂದೆ. ನಮ್ಮ ಕನ್ನಡದಲ್ಲಿ ಕಾಗುಣಿತ ತಿದ್ದಿದರೆ ಪದ ಸುಧಾರಿಸುತ್ತದೆ, ಕೆಡುವುದಿಲ್ಲ.

ಅವರು ಪರದೆಯನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ಒಮ್ಮೆಗೇ ಜೋರಾಗಿ ನಕ್ಕರು. "ಗಜ!" ಅಂದರು. "ತಂಗಿ, ಇದು ನಮ್ಮಪ್ಪನ ಗಜ!"

ಆ ಗಜದ ಕಥೆಯನ್ನು ಆವತ್ತು ಬಸ್‌ಸ್ಟ್ಯಾಂಡಿಗೆ ನಡೆಯುತ್ತ ಹೇಳಿದರು. ಅವರ ಮನೆಯಲ್ಲಿ ಸೀರೆ ಅಳೆಯಲು ಒಂದು ಹಳೆಯ ಕಟ್ಟಿಗೆಯ ಗಜವಿತ್ತು. ತುದಿ ಸವೆಯದಿರಲಿ ಅಂತ ಅಜ್ಜನ ಕಾಲದಲ್ಲಿ ಯಾರೋ ಅದಕ್ಕೆ ಹಿತ್ತಾಳೆಯ ಟೊಪ್ಪಿಗೆ ಹಾಕಿಸಿದ್ದರು. ಟೊಪ್ಪಿಗೆಯ ದಪ್ಪ ಸೇರಿ ಗಜ ಇರಬೇಕಾದುದಕ್ಕಿಂತ ತುಸು ಉದ್ದವಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಮಗ್ಗದ ಮೇಲೆ ಬಟ್ಟೆ ಎಳೆದು ಬಿಗಿದಿರುತ್ತದೆ. ಅಲ್ಲೇ ಅಳೆದು ಇಳಿಸಿದರೆ ತುಸು ಕುಗ್ಗುತ್ತದೆ. ಅಪ್ಪ ಮಗ್ಗದ ಮೇಲೆಯೇ ಅಳೆಯುತ್ತಿದ್ದರು. ಗಜ ಹೆಚ್ಚು ಕೊಡುತ್ತಿತ್ತು, ಬಟ್ಟೆ ಅಷ್ಟನ್ನೇ ಕಡಿಮೆ ಮಾಡಿಕೊಳ್ಳುತ್ತಿತ್ತು. ಸೀರೆ ಯಾವಾಗಲೂ ಸರಿಯಾಗಿ ಬರುತ್ತಿತ್ತು. ಇವರು ಕಾಲೇಜು ಓದುವಾಗ ಅಪ್ಪನಿಗೆ ಅನುಕೂಲವಾಗಲಿ ಅಂತ ಪೇಟೆಯಿಂದ ಒಂದು ಸ್ಟೀಲ್ ಟೇಪು ತಂದುಕೊಟ್ಟರು. ಮುಂದಿನ ಕಟ್ಟಿನ ಸೀರೆಯೆಲ್ಲ ಗಿಡ್ಡ. ರಬಕವಿಯ ವ್ಯಾಪಾರಿ ಕಟ್ಟನ್ನು ತಿರುಗಿ ಕಳಿಸಿದ. "ಈ ಟೇಪು ಸುಳ್ಳ ಹೇಳತೈತಿ" ಅಂತ ಅಪ್ಪ ಟೇಪನ್ನು ಅಂಗಳಕ್ಕೆ ಒಗೆದರಂತೆ.

"ಟೇಪು ಖರೇನ ಇತ್ತು" ಅಂದರು ಅಕ್ಕಾವ್ರು. "ಎರಡ ತಪ್ಪಿನಾಗ ನಾ ಒಂದನ್ನಷ್ಟ ತೆಗದಿದ್ನಿ. ಇನ್ನೊಂದು ಒಬ್ಬಂಟಿ ಆಗಿ ಎದ್ದ ಕುಂತತು. ಈಗ ನನ್ನ ಲೆಕ್ಕದಾಗೂ ಒಂದು ತೆಗದೇನಿ. ಇನ್ನೊಂದು ಎಲ್ಲೈತೋ ಹುಡುಕಬೇಕು."

"ಅಪ್ಪನ ಸೀರಿ ಸರಿ ಬರತಿತ್ತಲ್ರಿ, ಹಂಗ ಬಿಟ್ರ ಏನ ತ್ರಾಸ?" ಅಂದೆ.

"ಹತ್ತಿ ಸೀರಿ ಇರೂತನಕ ಸರಿ ಬಂತು. ನಕಲಿ ರೇಷ್ಮಿ ಹಚ್ಚಿದ ವರ್ಷ ಗಜಾನೂ ಕೈ ಕೊಟ್ಟಿತು. ಆ ನೂಲು ಬ್ಯಾರೆ ರೀತಿ ಕುಗ್ಗತೈತಿ. ಅವತ್ತ ಅಪ್ಪ ಗಜಕ್ಕ ಬೈದ."

ಗೈಡನ್ನು ಕಾಣಲು ಹೋದಾಗ ನನ್ನನ್ನೂ ಜೊತೆಗೆ ಕರೆದುಕೊಂಡರು. ಆತ ಒಳ್ಳೆಯ ಮನುಷ್ಯ. ಚಹಾ ತರಿಸಿ, ಸಮಾಧಾನದಿಂದ ಕೇಳಿ, "ಶಿಖರ ಹೊಂದಿತ್ತಲ್ಲ, ಅಷ್ಟು ಸಾಕು. ಈ ಚೆದುರುವಿಕೆಯ ಮಾತನ್ನು ಮುಂದಿನ ಕೆಲಸ ಅಂತ ಕೊನೆಯ ಪುಟದಲ್ಲಿ ಒಂದು ಸಾಲು ಬರೆಯಿರಿ. ಎಲ್ಲರೂ ಹಾಗೇ ಮಾಡುತ್ತಾರೆ" ಅಂದರು.

"ಸರ್, ಗೊತ್ತಿಲ್ಲದಾಗ ಬರದಿದ್ರ ಆ ಮಾತ ಬ್ಯಾರೆ ಇತ್ರಿ. ಈಗ ಗೊತ್ತಾಗೇತಿ. ಹೊಂದಿದ್ದು ಹೆಂಗಂತ ಗೊತ್ತಿಲ್ಲದ ನಿಖರ ಅಂತ ಹೆಂಗ ಬರೀಲ್ರಿ?"

"ಗಡುವು ಬಹಳ ದೂರ ಇಲ್ಲ ಮೇಡಮ್."

"ಗೊತ್ತೈತ್ರಿ ಸರ್" ಅಂದು ಕಪ್ಪು ಕೆಳಗಿಟ್ಟರು. ಬಸ್ಸಿನಲ್ಲಿ ತಿರುಗಿ ಬರುವಾಗ ನಾನೇ ಜಗಳ ತೆಗೆದೆ. ಹಟ ಅಂದೆ, ಅಪ್ಪನ ಮುಖ ನೋಡ್ರಿ ಅಂದೆ, ಬೋರ್ಡಿನ ಮಾತೂ ತೆಗೆದೆ. ಅವರು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತ, "ಬೈ ತಂಗಿ, ನೀ ಬೈದ್ರ ನನಗ ಹಗುರ ಆಗತೈತಿ" ಅಂದರು.

ಆ ಇನ್ನೊಂದು ತಪ್ಪನ್ನು ಹುಡುಕುತ್ತ ಅವರು ಗಡುವಿನ ಬಾಕಿ ಸಮಯವನ್ನೆಲ್ಲ ಕಳೆದರು. ನಡುವೆ ಕಂಪ್ಯೂಟರು ಕೆಟ್ಟಿತು, ರಿಪೇರಿಗೆ ಹೋಯಿತು, ಬಂತು, ಮತ್ತೆ ಕೆಟ್ಟಿತು. ಕಾಲೇಜಿನಲ್ಲಿ ಕೆಲವರು ಅವರನ್ನು ಕಂಡರೆ "ಮೇಡಮ್, ಬಾಂಬ್ ಸಿಡೀತೇನ್ರಿ?" ಅಂತ ನಗುತ್ತಿದ್ದರು. "ಸಿಡೀಲಾರದಂಗ ನೋಡ್ಕೊಳ್ಳಾಕತ್ತೇನ್ರಿ" ಅಂತ ಇವರೂ ನಗುತ್ತಿದ್ದರು. ಒಳಗೆ ಎಷ್ಟು ಕುದಿಯುತ್ತಿತ್ತು ಅಂತ ನನಗೆ ಗೊತ್ತು. ಆ ದಿನಗಳಲ್ಲಿ ಕನ್ನಡಕದ ನೂಲಿನ ಬಣ್ಣ ವಾರಗಟ್ಟಲೆ ಬದಲಾಗಲಿಲ್ಲ. ಹಾಗಾದರೆ ಮೊದಲು ಬೇಕಂತಲೇ ಬದಲಿಸುತ್ತಿದ್ದರು ಅಂತ ಆಗ ನನಗೆ ಖಾತ್ರಿಯಾಯಿತು.

ಕೊನೆಗೆ ಸಿಕ್ಕಿತು. ಕಿತ್ತುಬಂದ ಎಲೆಕ್ಟ್ರಾನುಗಳು ಗಾಳಿಯಲ್ಲಿ ಇನ್ನಷ್ಟು ಸಣ್ಣ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಅದರಿಂದ ಗಾಳಿಯೇ ಕರೆಂಟು ಹರಿಸತೊಡಗಿ ಹೊಡೆತದ ಒಂದಷ್ಟನ್ನು ನುಂಗಿಬಿಡುತ್ತದೆ. ಸರಳ ಲೆಕ್ಕದಲ್ಲಿ ಆ ಸಣ್ಣವು ತಟ್ಟನೆ ಹುಟ್ಟುತ್ತವೆ ಅಂತ ಇಟ್ಟುಕೊಂಡಿದ್ದರು. ಖರೆ ನೋಡಿದರೆ ಅವಕ್ಕೂ ತುಸು ಹೊತ್ತು ಬೇಕು. ಗಾಳಿ ನುಂಗಬೇಕಾದುದಕ್ಕಿಂತ ಮೊದಲೇ ನುಂಗಿ ಉತ್ತರವನ್ನು ಕಡಿಮೆ ಮಾಡುತ್ತಿತ್ತು. ಡಿಕ್ಕಿಯನ್ನು ಮರೆತದ್ದು ಉತ್ತರವನ್ನು ಹೆಚ್ಚು ಮಾಡುತ್ತಿತ್ತು. ಒಂದು ಹೆಚ್ಚು, ಒಂದು ಕಡಿಮೆ, ಎರಡೂ ಕೂಡಿ ಸರಿ. ಎರಡನ್ನೂ ತಿದ್ದಿ ಲೆಕ್ಕ ಓಡಿಸಿದರು. ಗೆರೆ ಮತ್ತೆ ಮೇಲೆದ್ದು ಮೊದಲಿದ್ದ ಜಾಗಕ್ಕೇ ಬಂದು ಕೂತಿತು.

ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿದಿತ್ತು. ಗೈಡ್ ತಮ್ಮ ಕೈಲಾದಷ್ಟು ಓಡಾಡಿದರು, ನಿಯಮ ಬಗ್ಗಲಿಲ್ಲ. ಕೊನೆಯ ಸಲ ನಾವಿಬ್ಬರೂ ಹೋದಾಗ ಗೈಡ್ ಹೊಸ ಗೆರೆಯನ್ನೂ ಹಳೆಯ ಗೆರೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ತಲೆ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

"ಕೊನೆಗೂ ಬಂದದ್ದು ಅದೇ ಉತ್ತರವಲ್ಲ ಮೇಡಮ್! ಅವತ್ತೇ ಕೊಟ್ಟಿದ್ದರೆ ಇವತ್ತು ನೀವು ಡಾಕ್ಟರ್ ಆಗಿರುತ್ತಿದ್ದಿರಿ."

"ಅವತ್ತ ಅದು ತಾನ ಬಂದಿತ್ರಿ ಸರ್" ಅಂದರು ಅಕ್ಕಾವ್ರು. "ಇವತ್ತ ನಾ ತಂದೇನ್ರಿ."

ಆಮೇಲೆ ಚೀಲದಿಂದ ಇನ್ನೊಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಬಾಂಬು ಸಿಡಿಯುವ ಎತ್ತರವನ್ನು ಬದಲಿಸಿ ಎರಡೂ ಲೆಕ್ಕಗಳನ್ನು ಓಡಿಸಿದ್ದರು. ಅಲ್ಲಿ ಹಳೆಯ ಗೆರೆ ದಾರಿ ತಪ್ಪಿ ಎಲ್ಲೋ ಹೋಗಿತ್ತು. ಹೊಸದು ದೊಡ್ಡ ಕಂಪ್ಯೂಟರಿನವರ ಗೆರೆಯ ಜೊತೆಯಲ್ಲೇ ನಡೆದಿತ್ತು. ಅದರ ಆಚೆ ಈಚೆ ಪೆನ್ಸಿಲಿನಿಂದ ಒಂದು ಪಟ್ಟಿ ಎಳೆದು, ಮೇಲೆ ಎಷ್ಟು ತಪ್ಪಬಹುದು, ಕೆಳಗೆ ಎಷ್ಟು ತಪ್ಪಬಹುದು ಅಂತ ಬೇರೆ ಬೇರೆ ಬರೆದಿದ್ದರು. ಗೈಡ್ ಬಹಳ ಹೊತ್ತು ನೋಡಿದರು. ಎದ್ದು ನಿಂತು ಕೈಮುಗಿದರು. ಹೊರಗೆ ಬಂದಮೇಲೆ ನಾನು ಅತ್ತೆ. ಅಕ್ಕಾವ್ರು ಅಳಲಿಲ್ಲ. ನನ್ನ ಕೈ ಹಿಡಿದುಕೊಂಡು, "ದುಃಖ ಇಲ್ಲಂದ್ರ ಸುಳ್ಳ ಆಗತೈತಿ ತಂಗಿ. ಐತಿ. ಎಷ್ಟಂತ ಅಳದೇನಿ. ಹೊರಬಹುದು" ಅಂದರು.

ಅಪ್ಪನಿಗೆ ಹೇಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಆತ ಕಟ್ಟೆಯ ಮೇಲೆ ಕೂತು ನೂಲು ಬಿಡಿಸುತ್ತಿದ್ದರಂತೆ. ಕೇಳಿ ನೂಲಿನ ಎಳೆ ಕೆಳಗಿಟ್ಟು, "ಲೆಕ್ಕ ಸರಿ ಬಂತಿಲ್ಲೋ?" ಅಂದರಂತೆ. ಬಂತಪ್ಪಾ ಅಂದರು. "ಮತ್ತ ಯಾಕ ಕೊಡಲಿಲ್ಲ?" ತಡ ಆಯಿತು ಅಂದರು. ಆತ ತಲೆಯೆತ್ತಿ ಬೋರ್ಡು ನೋಡಿ, "ಜಾಗಾ ಇರಲಿ ಬಿಡು" ಅಂದರಂತೆ. ಇದನ್ನು ಹೇಳುವಾಗ ಅಕ್ಕಾವ್ರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದ್ದನ್ನು ನಾನು ಮರೆತಿಲ್ಲ.

ಮುಖ್ಯಸ್ಥರ ಕುರ್ಚಿ ಅವರಿಗಿಂತ ಚಿಕ್ಕವರಿಗೆ ಹೋಯಿತು. ಇವರೇ ಮೊದಲು ಹೋಗಿ ಪೇಢೆ ಕೊಟ್ಟು ಬಂದರು. ಅಪ್ಪ ತೀರಿಕೊಂಡಮೇಲೆ ಆ ಗಜವನ್ನು ಲ್ಯಾಬಿಗೆ ತಂದಿಟ್ಟರು. ಹೊಸದಾಗಿ ಬಂದ ಹುಡುಗರಿಗೆ ಮೊದಲ ಪಾಠ ಅದರದೇ. ಒಬ್ಬರ ಕೈಗೆ ಗಜ, ಇನ್ನೊಬ್ಬರ ಕೈಗೆ ಟೇಪು ಕೊಟ್ಟು ಟೇಬಲ್ಲು ಅಳೆಸುತ್ತಿದ್ದರು. ಉತ್ತರ ಬೇರೆ ಬಂದಾಗ ಹುಡುಗರು 'ಗಜ ತಪ್ಪು' ಅನ್ನುತ್ತಿದ್ದರು. "ತಪ್ಪಂತೂ ಖರೆ. ಎಷ್ಟ ತಪ್ಪು, ಯಾವ ಕಡಿ ತಪ್ಪು? ಅದು ಗೊತ್ತಿದ್ರ ಇದರಿಂದನೂ ಛಲೋ ಅಳೀಬಹುದು" ಅನ್ನುತ್ತಿದ್ದರು. ಕನ್ನಡ ವಿಭಾಗದವಳಾದ ನಾನು ಕಿಟಕಿಯ ಹೊರಗೆ ನಿಂತು ಆ ಪಾಠವನ್ನು ಎಷ್ಟು ಸಲ ಕೇಳಿದ್ದೇನೋ.

ಅವರ ದೊಡ್ಡತನ ನನಗೆ ಪೂರ್ತಿ ಕಂಡದ್ದು ಮಾತ್ರ ಬನಹಟ್ಟಿಯಲ್ಲಿ. ಯಾವುದೋ ಟಿವಿ ಚಾನಲ್ಲಿನಲ್ಲಿ, ಆಕಾಶದಲ್ಲಿ ಒಂದು ಬಾಂಬು ಸಿಡಿದರೆ ದೇಶದ ಮೋಟರುಗಳೆಲ್ಲ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ ಅಂತ ಇಡೀ ದಿನ ತೋರಿಸಿದರು. ಪಾವರ್‌ಲೂಮಿನ, ಕರೆಂಟು ಮಗ್ಗದ ಊರು ಹೆದರಲು ಇನ್ನೇನು ಬೇಕು? ನೇಕಾರರೆಲ್ಲ ಸೇರಿ ಇವರನ್ನು ಸಮುದಾಯ ಭವನಕ್ಕೆ ಕರೆಸಿದರು. ಹಿಂದಿನ ದಿನ ಇವರು ನನ್ನ ಹತ್ತಿರ ಬಂದು ಈ ಹೊಡೆತಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದರು. 'ವಿದ್ಯುತ್ಕಾಂತೀಯ ಸ್ಪಂದ' ಅಂದೆ. "ಕನ್ನಡಬಾಯಿ, ನಮ್ಮವ್ವಗ ತಿಳೀಬೇಕು" ಅಂದರು. ಕೊನೆಗೆ ಅವರೇ 'ಆಕಾಶದ ಕರೆಂಟ್ ಹೊಡೆತ' ಅಂತ ಮಾಡಿಕೊಂಡರು. ನನಗೆ ಸ್ವಲ್ಪ ಅವಮಾನವೇ ಆಯಿತು.

ಭವನ ತುಂಬಿತ್ತು. ಒಬ್ಬ ಹಿರಿಯರು ಎದ್ದರು. "ಬಾಯಾರ, ಮಗ್ಗ ಸುಡತಾವೋ ಇಲ್ಲೋ, ಒಂದ ಮಾತಿನಾಗ ಹೇಳ್ರಿ."

"ಒಂದ ಮಾತಿನಾಗ ಹೇಳಿದ್ರ ಅದು ಸುಳ್ಳಾಗತೈತ್ರಿ ಕಾಕಾ. ಉದ್ದನ್ನ ತಂತಿ ಆ ಹೊಡತಾ ಹಿಡೀತಾವು, ಅದು ಖರೆ. ಫೋನು, ಟಿವಿಯಂಥಾವು ನಾಜೂಕು. ನಿಮ್ಮ ಮೋಟರು ಅವಕ್ಕಿಂತ ಗಟ್ಟಿ. ಆದ್ರ ಎಷ್ಟ ಗಟ್ಟಿ ಅನ್ನೂದು ನನ್ನ ಲೆಕ್ಕದಾಗ ಇಲ್ಲ. ನನ್ನ ಲೆಕ್ಕ ಆಕಾಶದಿಂದ ನೆಲದ ತನಕ. ನೆಲದಿಂದ ನಿಮ್ಮ ಮೀಟರ್ ಬೋರ್ಡಿನ ತನಕ ಬ್ಯಾರೆದವರು ಮಾಡಬೇಕು."

"ಹಂಗಾದ್ರ ಟಿವಿಯಾಂವಗ ಎಲ್ಲಾ ಗೊತ್ತೈತಿ, ನಿಮಗ ಅರ್ಧಾ ಅಷ್ಟ ಗೊತ್ತೈತಿ ಅಂದಂಗಾತು!"

ಭವನವೆಲ್ಲ ನಕ್ಕಿತು. ಇವರೂ ನಕ್ಕರು. "ಹೌದ್ರಿ ಕಾಕಾ, ಅರ್ಧಾನ ಗೊತ್ತೈತಿ. ಆದ್ರ ಯಾವ ಅರ್ಧಾ ಅನ್ನೂದು ಗೊತ್ತೈತಿ."

ನಗು ನಿಂತಿತು. ಹಿರಿಯರು ತಲೆಯ ಪಟಕಾ ಸರಿಮಾಡಿಕೊಂಡು, "ಖರೆ ಮಾತು. ನಮ್ಮವ್ವಾ, ಕುಂದ್ರು, ಚಾ ಕುಡಿ" ಅಂದರು. ಬಾಯಾರ ಹೋಗಿ ನಮ್ಮವ್ವ ಆದದ್ದನ್ನು ನಾನು ಗಮನಿಸಿದೆ. ಮರುದಿನ ಓಣಿಯಲ್ಲಿ ಮಗ್ಗಗಳು ಎಂದಿನಂತೆ ಸದ್ದು ಮಾಡುತ್ತಿದ್ದವು.

ನಿವೃತ್ತಿಯಾದ ಮೇಲೆ ಅವರು ಬಹಳ ವರ್ಷ ಉಳಿಯಲಿಲ್ಲ. ಕಾಯಿಲೆಯ ಬಗ್ಗೆಯೂ ಡಾಕ್ಟರನ್ನು ಹೆಚ್ಚು ಎಷ್ಟು, ಕಡಿಮಿ ಎಷ್ಟು ಅಂತ ಕೇಳಿ, ಕೇಳಿದ್ದನ್ನು ನನಗೂ ನೆಟ್ಟಗೆ ಹೇಳಿದ್ದರು. ಹಾಗಾಗಿ ಆ ಫೋನು ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ನೋವಂತೂ ಆಯಿತು, ಅದು ಮೊದಲೇ ಗೊತ್ತಿದ್ದರೂ ಕಡಿಮೆಯಾಗುವಂಥದಲ್ಲ.

ದಿನಕರ್ಮಗಳು ಮುಗಿದ ಮೇಲೆ ಮತ್ತೊಮ್ಮೆ ಬನಹಟ್ಟಿಗೆ ಹೋದೆ. ಬಾಗಿಲಲ್ಲಿ ಏಣಿ ಹಾಕಿತ್ತು. ಬೋರ್ಡಿನ ಅಕ್ಷರಗಳು ಬಿಸಿಲಿಗೆ ಮಾಸಿದ್ದವು, ಅಕ್ಕನ ಹೆಸರು ಅಳಿಸಿಹೋಗದಿರಲಿ ಅಂತ ತಮ್ಮ ಪೇಂಟರನ್ನು ಕರೆಸಿದ್ದ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಸಣ್ಣ ದನಿಯಲ್ಲಿ, "ಬಾಯಾರ, ಒಂದ ಮಾತ ಕೇಳಲೇನ್ರಿ? ಅಕ್ಕನ ಕೆಲಸ ಹೆಚ್ಚುಕಡಿಮಿ ಮುಗದಿತ್ತಲ್ರಿ. ಆ ಜಾಗಾದಾಗ ಡಾ ಅಂತ ಬರಸಿಬಿಟ್ರ ಯಾರ ಕೇಳತಾರ? ಅಪ್ಪಂದು ಬಾಳ ಆಸೆ ಇತ್ತು" ಅಂದ.

ಅವನ ಮುಖ ನೋಡಿದರೆ ಬೇಡ ಅನ್ನಲು ಮನಸ್ಸಾಗಲಿಲ್ಲ. ಅವರಿಗಿಂತ ಯಾರಿಗೆ ಒಪ್ಪುತ್ತಿತ್ತು ಆ ಅಕ್ಷರ?

"ಹೆಚ್ಚುಕಡಿಮಿ ಅಂದಿಯಲ್ಲ ತಮ್ಮಾ" ಅಂದೆ. "ಹೆಚ್ಚು ಎಷ್ಟು, ಕಡಿಮಿ ಎಷ್ಟು ಅಂತ ನಿಮ್ಮಕ್ಕ ಕೇಳಿದ್ರ ಏನ ಹೇಳ್ತಿ?"

ಅವನು ಮೊದಲು ನಕ್ಕ. ಆಮೇಲೆ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ. ಕಡಿಮೆಯಾದದ್ದು ಒಂದು ಅಕ್ಷರ, ಅದನ್ನು ಹೇಳಬಹುದಿತ್ತು. ಹೆಚ್ಚಾದದ್ದು ಎಷ್ಟೆಂದು ಹೇಳಲು ನಮ್ಮಿಬ್ಬರಿಗೂ ಬರಲಿಲ್ಲ.

ಪೇಂಟರು ಹಳೆಯ ಅಕ್ಷರಗಳ ಮೇಲೆ ಬಿಳಿ ಬಣ್ಣ ತೀಡಲು ಕುಂಚ ಅದ್ದಿದ. ಬೋರ್ಡನ್ನು ಒಮ್ಮೆ ನೋಡಿ, ಏಣಿಯ ಮೇಲಿನಿಂದಲೇ ಕೇಳಿದ. "ಹೆಸರು ಒಂದ ಬಾಜೂಕ ಆಗೇತ್ರಿ. ಮುಂದ ಜಾಗಾ ಸುಮ್ಮನ ಖಾಲಿ ಐತಿ. ಎಲ್ಲಾ ಅಳಿಸಿ, ಹೆಸರ ನಡುವಕ್ಕ ತರಲೇನ್ರಿ?"

ತಮ್ಮ ಕಣ್ಣೊರೆಸಿಕೊಂಡು ಎದ್ದು ನಿಂತ.

"ಬ್ಯಾಡ. ಇದ್ದಂಗ ಬರಿ" ಅಂದ. "ಆ ಖಾಲಿ ಜಾಗಾನೂ ಅಕ್ಕನ ಹೆಸರನ."